ಹಳೆಯ ಕಾಕ್‌ಪಿಟ್ಟಿನ ಪರವಾಗಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಾಂಶ ಕ್ಷೇತ್ರವನ್ನು ಸೇರಿದವರಿಗೂ ನಮ್ಮ ಮನೆತನದ ಕಿರಿಯರಿಗೂ ನನ್ನ ಮೇಲೆ ಒಂದು ಸಮಾನವಾದ ಆಕ್ಷೇಪವಿದೆ. ನಾನು ಇಂದಿಗೂ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2004ರ ಆವೃತ್ತಿಯಲ್ಲೇ ವಿಮಾನ ಹಾರಿಸುತ್ತೇನೆ ಎಂಬುದೇ ಅದು. "ಸಾರ್, ಅದು ವಸ್ತುಸಂಗ್ರಹಾಲಯಕ್ಕೆ ಸೇರಬೇಕಾದದ್ದು. ಹೊಸದರಲ್ಲಿ ನಿಮ್ಮ ಊರಿನ ಕೆರೆ ಏರಿಯೂ ಕಾಣಿಸುತ್ತದೆ" ಎನ್ನುತ್ತಾರೆ. ಈ ಮಾತಿನ ಹಿಂದಿನ ಪ್ರೀತಿಯನ್ನು ಬಲ್ಲೆ. ಆದರೆ ಅದರ ಹಿಂದಿರುವ ವಿಚಾರ ಮಾತ್ರ ನನಗೆ ಒಪ್ಪಿಗೆಯಿಲ್ಲ. ದೂರವಾಣಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳಿ ಸಾಕಾಗಿರುವುದರಿಂದ ಇಲ್ಲಿ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ.

ವಿಷಯ ತಿಳಿಯದ ಬಂಧುಗಳಿಗಾಗಿ ನಾಲ್ಕು ಮಾತು. ಮನೆಯ ಗಣಕಯಂತ್ರದಲ್ಲಿ ವಿಮಾನ ಹಾರಿಸುವ ಈ ವಿದ್ಯೆಗೆ ಮೊದಲು ರೂಪ ಕೊಟ್ಟವರಲ್ಲಿ ಬ್ರೂಸ್ ಆರ್ಟ್‌ವಿಕ್ ಮುಖ್ಯರು. ಅವರ ಕೆಲಸವನ್ನು ಆಧರಿಸಿ ಮೈಕ್ರೋಸಾಫ್ಟ್ ತನ್ನ ಮೊದಲ ಆವೃತ್ತಿಯನ್ನು 1982ರಲ್ಲಿ ತಂದಿತು. ರೈಟ್ ಸಹೋದರರ ಹಾರಾಟಕ್ಕೆ ನೂರು ತುಂಬಿದ 2003ರಲ್ಲಿ ಬಂದದ್ದು ನಾನು ಬಳಸುವ ಆವೃತ್ತಿ. ಅದರ ನಂತರದ್ದು 2006ರಲ್ಲಿ ಬಂದಿತು. 2009ರ ಜನವರಿಯಲ್ಲಿ ಅದನ್ನು ಕಟ್ಟುತ್ತಿದ್ದ ತಂಡವನ್ನೇ ವಿಸರ್ಜಿಸಲಾಯಿತು. ಮೂಲ ತಂತ್ರಾಂಶದೊಂದಿಗೆ ಬರುವ ಬೋಯಿಂಗ್ ವಿಮಾನಗಳು ಜಾತ್ರೆಯಲ್ಲಿ ಸಿಗುವ ಗೊಂಬೆಗಳಿದ್ದಂತೆ. ಫಲಕದ ಮೇಲಿನ ಎಷ್ಟೋ ಗುಂಡಿಗಳು ಬರೀ ಚಿತ್ರ. ಆದರೆ ಹೊರಗಿನ ಸಣ್ಣ ಸಣ್ಣ ತಂಡಗಳು ಇದಕ್ಕೆ ಜೋಡಿಸಿಕೊಳ್ಳಲು ಬೇರೆ ವಿಮಾನಗಳನ್ನು ತಯಾರಿಸಿ ಮಾರಿದವು. ಪಿ.ಎಂ.ಡಿ.ಜಿ.ಯವರ 737 ಮತ್ತು 747-400, ಲೆವೆಲ್-ಡಿಯವರ 767 ಇವು ಆ ಕಾಲದ ಶ್ರೇಷ್ಠ ಕೃತಿಗಳು. 'ಕೃತಿ' ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ಒಂದೊಂದರ ಜೊತೆಗೂ ನೂರಾರು ಪುಟಗಳ ಕೈಪಿಡಿ ಇರುತ್ತಿತ್ತು, ಅದನ್ನು ಓದದವನಿಗೆ ಎಂಜಿನ್ ಕೂಡ ಹತ್ತುತ್ತಿರಲಿಲ್ಲ.

ನನ್ನ ಎದುರಾಳಿಗಳ ಮೊದಲ ವಾದ ಚಿತ್ರದ್ದು. ಹಳೆಯದರಲ್ಲಿ ಮರಗಳು ಕತ್ತರಿಸಿ ನಿಲ್ಲಿಸಿದ ರಟ್ಟಿನಂತಿವೆ, ನೆಲ ಚಾಪೆಯಂತಿದೆ ಎನ್ನುತ್ತಾರೆ. ನಿಜವೇ. ಸಣ್ಣ ಸೆಸ್ನಾ ವಿಮಾನದಲ್ಲಿ ಕಣಿವೆ ನೋಡುತ್ತಾ ತೇಲಬೇಕೆನ್ನುವವನು ಹೊಸದನ್ನೇ ಕೊಳ್ಳಲಿ, ಅದರ ಹಿಮಾಲಯವನ್ನು ನಾನೂ ಬೆರಗಾಗಿ ನೋಡಿದ್ದೇನೆ. ಆದರೆ ಪ್ರಯಾಣಿಕ ವಿಮಾನದ ಚಾಲಕ ಮೂವತ್ತಮೂರು ಸಾವಿರ ಅಡಿಯಲ್ಲಿ ಮರ ಎಣಿಸುವುದಿಲ್ಲ. ಅವನ ಲೋಕವಿರುವುದು ಗಾಜಿನ ಈಚೆಗೆ.

ಆ ಲೋಕದ ಒಂದು ಮೂಲೆಯನ್ನು ಮಾತ್ರ ತೋರಿಸುತ್ತೇನೆ. 737ರ ಮೇಲ್ಫಲಕದಲ್ಲಿ ಜಡತ್ವ ನಿರ್ದೇಶನ ವ್ಯವಸ್ಥೆಗೆಂದು ಎರಡು ತಿರುಗುಗುಂಡಿಗಳಿವೆ. ಅವನ್ನು ತಿರುಗಿಸಿ, ವಿಮಾನ ನಿಂತಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ನಮೂದಿಸಿ, ಸುಮ್ಮನೆ ಕಾಯಬೇಕು. ವಿಮಾನ ಅಲುಗಾಡಬಾರದು. ಈ ಮೌನದಲ್ಲಿ ಒಳಗೇನು ನಡೆಯುತ್ತದೆ ಬಲ್ಲಿರಾ? ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತಿದೆಯಲ್ಲ, ಆ ತಿರುಗುವಿಕೆಯನ್ನೇ ಲೇಸರ್ ಗೈರೋಗಳು ಗ್ರಹಿಸಿ, ಉತ್ತರ ಎತ್ತಲಿದೆ ಎಂದು ಕಂಡುಕೊಳ್ಳುತ್ತವೆ. ಅಕ್ಷಾಂಶವನ್ನೂ ತಾವೇ ಲೆಕ್ಕ ಹಾಕಿ, ನೀವು ಕೊಟ್ಟದ್ದರೊಡನೆ ತಾಳೆ ನೋಡುತ್ತವೆ. ಬೆಂಗಳೂರಿನಲ್ಲಿ ನಿಂತು ದೆಹಲಿಯ ಅಕ್ಷಾಂಶ ಬರೆದರೆ ಒಪ್ಪುವುದಿಲ್ಲ. ಆದರೆ ರೇಖಾಂಶವನ್ನು ಅವು ತಾವಾಗಿ ಅರಿಯಲಾರವು! ಹದಿನೆಂಟನೆಯ ಶತಮಾನದ ನಾವಿಕರನ್ನು ಕಾಡಿ, ಜಾನ್ ಹ್ಯಾರಿಸನ್ ಎಂಬ ಬಡಗಿ ಗಡಿಯಾರ ಕಟ್ಟಿ ಬಿಡಿಸಿದ ಒಗಟು ಅದೇ. ಇನ್ನೊಂದು ಸ್ವಾರಸ್ಯ: ನಿಜವಾದ ವಿಮಾನದಲ್ಲಿ ಈ ಕಾಯುವಿಕೆ ಸಮಭಾಜಕದ ಬಳಿ ಕಡಿಮೆ, ಧ್ರುವಗಳತ್ತ ಹೋದಂತೆ ಹೆಚ್ಚು, ಧ್ರುವದ ಹತ್ತಿರ ಹೊಂದಾಣಿಕೆಯೇ ಸಾಧ್ಯವಿಲ್ಲ. ಏಕೆಂದು ಒಂದು ಗೋಲವನ್ನು ಕೈಯಲ್ಲಿ ಹಿಡಿದು ಯೋಚಿಸಿ. ನಿಮ್ಮಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವರಿಗೂ ಹೊಳೆಯುತ್ತದೆ. ಆ ಕೆಲವು ನಿಮಿಷ ಕಾಯುವುದನ್ನು 'ಬೋರು' ಎಂದು ಕರೆದು, ತಕ್ಷಣ ಮುಗಿಸುವ ಆಯ್ಕೆ ಒತ್ತುವವರಿಗೆ ಚಿತ್ರ ಎಷ್ಟು ಚೆಂದವಿದ್ದರೇನು?

ಇಳಿಯುವುದನ್ನು ನೋಡಿ. ಮುಂಬಯಿಯಿಂದ ಬೆಂಗಳೂರಿಗೆ 33,000 ಅಡಿಯಲ್ಲಿ ಬರುತ್ತಿದ್ದೀರಿ. ಇಳಿಯಬೇಕಾದ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಕಳೆಯಬೇಕಾದ ಎತ್ತರ ಮೂವತ್ತು ಸಾವಿರ. ಸಾವಿರಗಳನ್ನು ಮೂರರಿಂದ ಗುಣಿಸಿದರೆ ತೊಂಬತ್ತು. ವೇಗ ತಗ್ಗಿಸಲು ಹತ್ತು ಹದಿನೈದು ಸೇರಿಸಿದರೆ ನೂರು ನಾಟಿಕಲ್ ಮೈಲಿ ಚಿಲ್ಲರೆ. ಅಂದರೆ ಚಿತ್ರದುರ್ಗದ ಆಸುಪಾಸಿನಲ್ಲಿಯೇ ಮೂಗು ತಗ್ಗಿಸಬೇಕು. ಕೊನೆಯ ಹಂತದಲ್ಲಿ ನೆಲದ ವೇಗ 140 ನಾಟ್ ಇದ್ದರೆ ಐದರಿಂದ ಗುಣಿಸಿ: ನಿಮಿಷಕ್ಕೆ 700 ಅಡಿ ಇಳಿಯುತ್ತಿರಬೇಕು. ಇಷ್ಟೇ. ಮಗ್ಗಿ ಬಾಯಿಗೆ ಬರುವವನಿಗೆ ಇದು ಸಾಕು. ಮಗ್ಗಿ ಕಲಿಯುವುದು ದಂಡ ಎಂದು ಈಗ ನಿಮ್ಮಲ್ಲೇ ಕೆಲವರು ತಮ್ಮ ಮಕ್ಕಳ ಮುಂದೆ ಹೇಳುತ್ತೀರಂತೆ, ಇರಲಿ, ಆ ಜಗಳ ಬೇರೆ ದಿನಕ್ಕೆ. 2010ರ ಮೇ 22ರಂದು ಮಂಗಳೂರಿನಲ್ಲಿ ನಡೆದ ದುರಂತದಲ್ಲಿ 158 ಜನ ತೀರಿಕೊಂಡರು. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದ್ದರೂ ಇಳಿಯುವ ಪ್ರಯತ್ನವನ್ನು ಕೈಬಿಡಲಿಲ್ಲ ಎಂದು ತನಿಖಾ ವರದಿ ಹೇಳಿತು. 8,000 ಅಡಿಯ ಓಡುದಾರಿಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದ್ದವು. ಪತ್ರಿಕೆಯಲ್ಲಿ ಅದನ್ನು ಓದಿದಾಗ ಆ ಅಂಕಿಗಳ ಅರ್ಥ ನನ್ನ ಹೊಟ್ಟೆಯೊಳಗೆ ಇಳಿದದ್ದು ಈ 'ಆಟ'ದಿಂದಲೇ.

ಇದು ಮಕ್ಕಳಾಟಿಕೆ ಎನ್ನುವ ಹಿರಿಯರಿಗೂ ಒಂದು ಪ್ರಸಂಗ ಹೇಳಬೇಕು. 1983ರ ಜುಲೈ 23ರಂದು ಏರ್ ಕೆನಡಾದ 767 ವಿಮಾನವೊಂದು 41,000 ಅಡಿಯಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ಕಳೆದುಕೊಂಡಿತು. ಆ ದೇಶ ಆಗತಾನೆ ಮೆಟ್ರಿಕ್ ಪದ್ಧತಿಗೆ ಹೊರಳುತ್ತಿತ್ತು. ಇಂಧನದ ಮಾಪಕ ಕೆಟ್ಟಿದ್ದರಿಂದ ಕೈಲೆಕ್ಕ ಹಾಕಿದರು. ಲೀಟರಿಗೆ 1.77 ಎಂದು ಗುಣಿಸಿದರು. ಆದರೆ ಅದು ಪೌಂಡಿನ ಅಂಕಿ, ಕಿಲೋಗ್ರಾಮಿನದು ಸುಮಾರು 0.8. ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನದೊಡನೆ ವಿಮಾನ ಮೇಲೇರಿತ್ತು. ಅಂದು ಸಹಚಾಲಕ ಮಾರಿಸ್ ಕ್ವಿಂಟಾಲ್ ಹಾಕಿದ ಲೆಕ್ಕ ಹೀಗಿತ್ತು: ಹತ್ತು ನಾಟಿಕಲ್ ಮೈಲಿ ಸಾಗುವಷ್ಟರಲ್ಲಿ 5,000 ಅಡಿ ಕಳೆಯುತ್ತಿದೆ, ಅಂದರೆ ಹನ್ನೆರಡಕ್ಕೆ ಒಂದು, ಆದ್ದರಿಂದ ವಿನಿಪೆಗ್ ತಲುಪಲಾಗದು. ಗ್ಲೈಡರ್ ಬಲ್ಲ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅದನ್ನು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ಏಕಮಾನ ಬರೆಯದ ಉತ್ತರಕ್ಕೆ ನಾನು ಸೊನ್ನೆ ಕೊಡುತ್ತಿದ್ದುದನ್ನು ಇಂದಿಗೂ ಕ್ರೌರ್ಯವೆಂದು ನೆನೆಯುವವರು ಹಳೆಯ 767ರಲ್ಲಿ ಎರಡೂ ಎಂಜಿನ್ ಆರಿಸಿ, ಬಾಕಿ ದೂರವನ್ನು ಮನಸ್ಸಿನಲ್ಲೇ ಭಾಗಿಸುತ್ತಾ ಗಿಮ್ಲಿಯ ಕಡೆ ಇಳಿದು ನೋಡಬೇಕು.

ಎರಡನೆಯ ವಾದ: ಹಳೆಯ ಸಿಮ್ಯುಲೇಟರಿನ ಪ್ರಪಂಚವೇ ಹಳೆಯದು, ಅದರಲ್ಲಿ ದೇವನಹಳ್ಳಿಯ ನಿಲ್ದಾಣವಿಲ್ಲ. ಹೌದು, ಇಲ್ಲ. ಅದು ಕೆಲಸ ಆರಂಭಿಸಿದ್ದು 2008ರ ಮೇ ತಿಂಗಳಿನಲ್ಲಿ. ನನ್ನ ಬೆಂಗಳೂರಿನ ವಿಮಾನಗಳು ಇನ್ನೂ ಎಚ್.ಎ.ಎಲ್. ನಿಲ್ದಾಣಕ್ಕೇ ಇಳಿಯುತ್ತವೆ. ನಿಮ್ಮಲ್ಲಿ ಎಷ್ಟು ಜನ ಮೊದಲ ಬಾರಿ ಪರದೇಶಕ್ಕೆ ಹೊರಟದ್ದು ಅಲ್ಲಿಂದ, ನೆನಪಿದೆಯೆ? ಬಜಪೆಯಲ್ಲಿ 2006ರಲ್ಲಿ ತೆರೆದ ಉದ್ದದ ಓಡುದಾರಿಯೂ ನನ್ನ ಭೂಪಟದಲ್ಲಿಲ್ಲ. ಗುಡ್ಡದ ಮೇಲಿನ ಹಳೆಯ ಗಿಡ್ಡ ಓಡುದಾರಿಯೇ ಇದೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಿ.ಸಿ.-3 ವಿಮಾನದಲ್ಲಿ ಬಂದಿಳಿದು ಆ ನಿಲ್ದಾಣವನ್ನು ಆರಂಭಿಸಿದರು. 2004ರ ಆವೃತ್ತಿಯೊಡನೆ ಡಿ.ಸಿ.-3 ಉಚಿತವಾಗಿಯೇ ಬರುತ್ತದೆ. ಮುಂದೆ ಹೇಳಬೇಕಾಗಿಲ್ಲ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಷಿಕಾಗೋದ ಸರೋವರದಂಚಿನ ಮೀಗ್ಸ್ ಎಂಬ ಪುಟ್ಟ ನಿಲ್ದಾಣವು ವರ್ಷಾನುಗಟ್ಟಲೆ ಈ ಸಿಮ್ಯುಲೇಟರಿನ ಹೆಬ್ಬಾಗಿಲಾಗಿತ್ತು. 2003ರ ಮಾರ್ಚ್ 30ರ ನಡುರಾತ್ರಿ ಮೇಯರ್ ರಿಚರ್ಡ್ ಡೇಲಿಯವರ ಆಜ್ಞೆಯಂತೆ ಬುಲ್ಡೋಜರುಗಳು ಬಂದು ಅದರ ಓಡುದಾರಿಯನ್ನು ಅಗೆದು ಹಾಕಿದವು. ಕೆಲವು ತಿಂಗಳ ನಂತರ ಮಾರುಕಟ್ಟೆಗೆ ಬಂದ 2004ರ ಆವೃತ್ತಿಯಲ್ಲಿ ಮೀಗ್ಸ್ ಹಾಗೆಯೇ ಉಳಿದಿದೆ. ಹೊಸ ನಕ್ಷೆ ಇಂದಿನದನ್ನು ಹೇಳುತ್ತದೆ, ಅದು ಅದರ ಕೆಲಸ. ಆದರೆ ಹಳೆಯ ನಕ್ಷೆಯನ್ನು 'ತಪ್ಪು' ಎಂದು ಕಸದ ಬುಟ್ಟಿಗೆ ಹಾಕುವವನನ್ನು ಇತಿಹಾಸದ ಮೇಷ್ಟರು ತರಗತಿಯಿಂದ ಹೊರಗೆ ನಿಲ್ಲಿಸುತ್ತಿದ್ದರು.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಹೊಸ ಸಿಮ್ಯುಲೇಟರಿನ ಸೊಬಗೆಲ್ಲ ಇರುವುದು ನಿಮ್ಮ ಮನೆಯಲ್ಲಲ್ಲ. ಭೂಮಿಯ ಉಪಗ್ರಹ ಚಿತ್ರಗಳೆಲ್ಲ ಕಂಪನಿಯ ದೂರದ ಗಣಕಗಳಲ್ಲಿವೆ. ನೀವು ಹಾರಿದಂತೆಲ್ಲ ಅಂತರಜಾಲದ ಮೂಲಕ ಹರಿದು ಬರುತ್ತವೆ. ಸಂಪರ್ಕ ಕಡಿದರೆ 2020ರ ಆವೃತ್ತಿ ಮಸುಕಾದ ನೆಲವನ್ನಾದರೂ ತೋರಿಸುತ್ತದೆ. 2024ರದು ಇನ್ನೂ ಹೆಚ್ಚು ಪರಾವಲಂಬಿ. ಅದು ಬಿಡುಗಡೆಯಾದ ನವೆಂಬರ್ 19ರಂದು ಕಂಪನಿಯ ಗಣಕಗಳು ಜನಸಂದಣಿಯನ್ನು ತಾಳಲಾರದೆ ಕೈಚೆಲ್ಲಿದವು. ಹಣ ಕೊಟ್ಟವರು ಜಗತ್ತಿನಾದ್ಯಂತ ಪರದೆಯ ಮುಂದೆ ಕುಳಿತು ಕಾದರು. ಇದನ್ನು ಕೊಂಡದ್ದು ಎನ್ನಬೇಕೋ, ಬಾಡಿಗೆಗೆ ಹಿಡಿದದ್ದು ಎನ್ನಬೇಕೋ? ನಾಳೆ ಆ ಗಣಕಗಳನ್ನು ಆರಿಸುವ ತೀರ್ಮಾನವಾದರೆ ನಿಮ್ಮ ಊರಿನ ಕೆರೆ ಏರಿಯೂ ಅದರೊಡನೆ ಆರಿಹೋಗುತ್ತದೆ.

ಹಳೆಯದು ನಾಲ್ಕು ಸಿ.ಡಿ.ಗಳಲ್ಲಿ ಬಂದಿತು, ಕಪಾಟಿನಲ್ಲಿದೆ. ಅಲ್ಲೂ ಕಿರುಕುಳ ತಪ್ಪಲಿಲ್ಲವೆನ್ನಿ. ಕಳ್ಳಪ್ರತಿ ತಡೆಯಲು ಆ ಸಿ.ಡಿ.ಗಳಲ್ಲಿಟ್ಟಿದ್ದ ಸೇಫ್‌ಡಿಸ್ಕ್ ಎಂಬ ಬೀಗವನ್ನು 2015ರಲ್ಲಿ ಬಂದ ವಿಂಡೋಸ್ 10 ಗುರುತಿಸುವುದನ್ನೇ ಬಿಟ್ಟಿತು. ಪರಿಣಾಮ ಗಮನಿಸಿ: ಕಾಸು ಕೊಟ್ಟು ಕೊಂಡ ಪ್ರಾಮಾಣಿಕನ ಸಿ.ಡಿ. ಹೊಸ ಯಂತ್ರದಲ್ಲಿ ಹಾಗೆಯೇ ಓಡದು. ಬೀಗ ಮುರಿದು ಕದ್ದವನ ಪ್ರತಿ ಸಲೀಸಾಗಿ ಓಡುತ್ತದೆ. ನೀತಿಪಾಠ ಹೇಳುವ ನಮ್ಮಂಥವರು ಇದನ್ನು ಮಕ್ಕಳಿಗೆ ಹೇಗೆ ವಿವರಿಸಬೇಕೋ ತಿಳಿಯದು. ನನ್ನ ಪರಿಹಾರ ಸರಳ: ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರವೊಂದನ್ನು ಇಟ್ಟುಕೊಂಡಿದ್ದೇನೆ. ಅದಕ್ಕೆ ಕಂಪನಿಯ ಬೆಂಬಲ 2014ರ ಏಪ್ರಿಲಿನಲ್ಲಿಯೇ ನಿಂತುಹೋಗಿದೆ. ಆದರೆ ಅಂತರಜಾಲದ ತಂತಿಯನ್ನೇ ಚುಚ್ಚದ ಯಂತ್ರಕ್ಕೆ ಯಾರ ಬೆಂಬಲವೇಕೆ? ಮಳೆಗಾಲದಲ್ಲಿ ಮೂರು ದಿನ ಸಂಪರ್ಕ ಕಡಿದಿದ್ದರೂ ವಿದ್ಯುತ್ ಇದ್ದರೆ ನನ್ನ 747 ಹೊರಡುತ್ತದೆ.

ನನ್ನ ಪಂಗಡದವರೆಲ್ಲ ಸಾಧುಗಳೆಂದು ಹೇಳುತ್ತಿಲ್ಲ. ನೂರಾರು ವಿಮಾನಗಳನ್ನು ಇಳಿಸಿಕೊಂಡು, ಬಾಲದ ಬಣ್ಣ ಬದಲಿಸುತ್ತಾ, ಒಂದರ ಕೈಪಿಡಿಯನ್ನೂ ತೆರೆಯದ ಸಂಗ್ರಹಕಾರರು ನಮ್ಮಲ್ಲೂ ಇದ್ದಾರೆ. ಪುಸ್ತಕದ ಬೆನ್ನಿಗೆ ಚಿನ್ನದ ಅಕ್ಷರ ಬರೆಸಿ ಗಾಜಿನ ಬೀರುವಿನಲ್ಲಿಡುವವರಿದ್ದಂತೆ ಅವರು. ಆದರೂ ಆ ಬಣ್ಣಗಾರ ಹವ್ಯಾಸಿಗಳ ಬಗ್ಗೆ ನನಗೆ ಕೃತಜ್ಞತೆಯಿದೆ. ಇಂಡಿಯನ್ ಏರ್‌ಲೈನ್ಸ್, ಏರ್ ಡೆಕ್ಕನ್, 2012ರಲ್ಲಿ ನಿಂತ ಕಿಂಗ್‌ಫಿಷರ್, 2019ರಲ್ಲಿ ನಿಂತ ಜೆಟ್ ಇವೆಲ್ಲ ಆಕಾಶದಿಂದ ಮರೆಯಾದ ಹೆಸರುಗಳು. ಅವರು ಕಾಸು ಬಯಸದೆ ಬಳಿದ ಬಣ್ಣಗಳಲ್ಲಿ ನನ್ನ ಎಚ್.ಎ.ಎಲ್. ನಿಲ್ದಾಣದಲ್ಲಿ ಇನ್ನೂ ಸಾಲಾಗಿ ನಿಂತಿವೆ.

ಆದ್ದರಿಂದ ಹುಟ್ಟುಹಬ್ಬಕ್ಕೆ ಹೊಸ ಸಿಮ್ಯುಲೇಟರ್ ಕಳುಹಿಸುವ ಯೋಚನೆಯಲ್ಲಿರುವವರು ದಯವಿಟ್ಟು ಅದನ್ನು ಕೈಬಿಡಿ. ಬದಲಿಗೆ ನಿಮ್ಮ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ, 2004ರ ಆವೃತ್ತಿಯ ಸಿ.ಡಿ.ಗಳೋ ಆ ಕಾಲದ ಜಾಯ್‌ಸ್ಟಿಕ್ಕೋ ಬಿದ್ದಿದ್ದರೆ, ಗುಜರಿಯವನಿಗೆ ಹಾಕುವ ಮುನ್ನ ನನಗೊಂದು ಮಾತು ತಿಳಿಸಿ. ನನ್ನ ಎರಡನೆಯ ಸಿ.ಡಿ.ಯ ಮೇಲೆ ಈಗೀಗ ಗೀರುಗಳು ಹೆಚ್ಚಾಗಿವೆ. ಕೈಪಿಡಿಯೂ ಜೊತೆಗಿದ್ದರೆ ಅಂಚೆ ವೆಚ್ಚ ನನ್ನದು.