ಗೃಹಾಲಂಕಾರ: ಒರಗುದಿಂಬು

ಮನೆಗೆ ಬಂದವರಿಗೆ ಕಾಲಿಗೆ ನೀರು, ಕೂಡಲು ಹಾಸು, ಒರಗಲು ದಿಂಬು ಕೊಡುವುದು ನಮ್ಮ ಹಿರಿಯರಿಂದ ಬಂದ ಮರ್ಯಾದೆಯಾಗಿದೆ. ಜಗಲಿಯ ಮೇಲೆ ಜಮಖಾನೆಯನ್ನು ಹಾಸಿ ಗೋಡೆಗೆ ಲೋಡನ್ನು ಆನಿಸಿದರೆ ಅತಿಥಿಗೆ ಆಸನವು ಸಿದ್ಧವಾಗುತ್ತಿದ್ದಿತು. ಈಗ ಜಗಲಿಯ ಸ್ಥಾನಕ್ಕೆ ಸೋಫಾ ಬಂದಿರುವುದು. ಲೋಡಿನ ಸ್ಥಾನಕ್ಕೆ ಚೌಕದ ಚಿಕ್ಕ ದಿಂಬುಗಳು ಬಂದಿರುವುವು. ಇದಕ್ಕೆ ಆಕ್ಷೇಪವೇನೂ ಇಲ್ಲ. ಆದರೆ ಮಣಿ, ಕನ್ನಡಿ, ಜರಿಗಳಿಂದ ಬಿರುಸಾದ ಏಳೆಂಟು ದಿಂಬುಗಳು ಸೋಫಾವನ್ನೆಲ್ಲ ತುಂಬಿಕೊಂಡು, ಬೆನ್ನುನೋವಿನ ಹಿರಿಯರು ಅವು ಕೆಟ್ಟಾವೆಂಬ ಸಂಕೋಚದಿಂದ ಅಂಚಿನಲ್ಲಿ ನೆಟ್ಟಗೆ ಕುಳಿತಿರುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಒರಗಲು ಹೆದರಬೇಕಾದ ದಿಂಬಿನಿಂದ ಮನೆಗೆ ಶೋಭೆ ಬಾರದು. ಆದುದರಿಂದ ಬೆನ್ನಿಗೂ ಕಣ್ಣಿಗೂ ಒಪ್ಪುವ ದಿಂಬನ್ನು ಆರಿಸುವ ಕ್ರಮವನ್ನು ಈ ತಿಂಗಳು ವಿಚಾರಿಸೋಣ.

ದಿಂಬಿನ ಗುಣವು ಮೊದಲು ಅದರ ಒಡಲಿನಲ್ಲಿರುವುದು. ಬೂರುಗದ ಹತ್ತಿಯು ಹಗುರವೂ ಮೃದುವೂ ಆಗಿದ್ದು ತಲೆದಿಂಬಿಗೆ ಒಳ್ಳೆಯದು. ಬೆನ್ನಿನ ಭಾರಕ್ಕೆ ಬೇಗ ಕುಗ್ಗುವುದು. ಬಲು ಬೇಗ ಉರಿ ಹಿಡಿಯುವುದರಿಂದ ಅದನ್ನು ದೀಪದ ಬಳಿ ಇಡಕೂಡದು. ಸಾಧಾರಣ ಹತ್ತಿಯನ್ನು ಒತ್ತಾಗಿ ತುಂಬಿದರೆ ಸೊಂಟಕ್ಕೆ ಗಟ್ಟಿಯಾದ ಆಧಾರ ದೊರೆಯುವುದು. ಗಂಟುಕಟ್ಟಿದಾಗ ಹಿಂಜಿಸಿ ಮತ್ತೆ ತುಂಬಬಹುದು. ಹಳೆಯ ಹಾಸಿಗೆಯ ಹತ್ತಿಯೂ ಹೀಗೆ ಉಪಯೋಗಕ್ಕೆ ಬರುವುದು. ಪಾಲಿಯೆಸ್ಟರ್ ನಾರಿನ ದಿಂಬು ಒಗೆದರೆ ಬೇಗ ಒಣಗುವುದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಅನುಕೂಲ. ಯಾವುದನ್ನು ತುಂಬಿದರೂ ಗವಸು ಒಂದಂಗುಲ ಚಿಕ್ಕದಾಗಿರತಕ್ಕದ್ದು. 17 ಅಂಗುಲದ ದಿಂಬಿಗೆ 16 ಅಂಗುಲದ ಗವಸು. ಆಗ ಮೂಲೆಗಳು ಜೋಲದೆ ತುಂಬಿ ನಿಲ್ಲುವುವು.

ಗವಸಿನ ಬಟ್ಟೆಗಾಗಿ ದೂರ ಹೋಗಬೇಕಾದುದಿಲ್ಲ. ಕುಪ್ಪಸಕ್ಕೆಂದು ನೆಯ್ಯುವ ಗುಳೇದಗುಡ್ಡದ ಖಣದ ಪುಟ್ಟ ಹೂಗಳು ಚಿಕ್ಕ ಚೌಕಕ್ಕೆ ಬಹಳ ಚೆನ್ನಾಗಿ ಹೊಂದುವುವು. ಕೈಗೆಲಸ ಬಲ್ಲವರು ಧಾರವಾಡ ಸೀಮೆಯ ಕಸೂತಿಯನ್ನು ಹಾಕಬಹುದು. ಇದು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕೆಲಸವಾದುದರಿಂದ ಎಳೆಗಳು ಬಿಡಿಬಿಡಿಯಾಗಿ ಕಾಣುವ ಕೈಮಗ್ಗದ ಬಟ್ಟೆಯೇ ಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡು ಒಳಮೈಯಲ್ಲಿಯೂ ಹೊರಮೈಯಲ್ಲಿಯೂ ಒಂದೇ ರೀತಿ ಕಾಣುವುವು. ದಾರಕ್ಕೆ ಗಂಟು ಹಾಕುವ ಪದ್ಧತಿಯಿಲ್ಲ. ಬೆನ್ನಿಗೆ ಚುಚ್ಚುವುದೇನೂ ಇಲ್ಲದ ಇಂಥ ಕೆಲಸವು ದಿಂಬಿಗೆ ಯೋಗ್ಯವಾದುದು. ನೇಗಿಯ ಉದ್ದನೆಯ ದಾರವು ಬಳೆ, ಉಂಗುರಗಳಿಗೆ ಸಿಕ್ಕಬಹುದಾದುದರಿಂದ ಅದನ್ನು ಅಂಚಿಗೆ ಇಡುವುದು ಲೇಸು. ಗೋಪುರ, ತುಳಸೀ ಬೃಂದಾವನಗಳನ್ನು ಕಾಲು ತಗಲುವ ದಿಂಬಿಗೆ ಹಾಕದೆ ಆನೆ, ನವಿಲುಗಳನ್ನು ಹಾಕಿದರೆ ಹಿರಿಯರ ಮನಸ್ಸಿಗೂ ಸಮಾಧಾನ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಗವಸು ಮಾಡುವುದುಂಟು. ಅತ್ತೆಯವರ ಪೆಟ್ಟಿಗೆಯಲ್ಲಿರುವ ಸೀರೆ ಸೊಸೆಯ ಕಣ್ಣಿಗೆ ಬರಿಯ ಬಟ್ಟೆಯಾಗಿ ಕಂಡೀತು. ಅತ್ತೆಯವರಿಗೆ ಅದು ತವರಿನ ಉಡುಗೊರೆ. ಅವರನ್ನು ಕೇಳದೆ ಕತ್ತರಿ ಹಾಕಬೇಡಿರಿ. ಉಡಲು ಬಾರದಷ್ಟು ಜೀರ್ಣವಾದ ಸೀರೆಯಾದರೆ, ಅವರ ಒಪ್ಪಿಗೆ ಪಡೆದು, ಗಟ್ಟಿಯಾಗಿರುವ ಭಾಗವನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು. ಹಳೆಯ ರೇಷ್ಮೆ ಹೊಲಿಗೆಯ ಬಳಿ ಸೀಳುವುದರಿಂದ ಒಳಗಡೆ ತೆಳುವಾದ ಹತ್ತಿ ಬಟ್ಟೆಯನ್ನು ಸೇರಿಸಿ ಹೊಲಿಯಬೇಕು. ತೋಪು ತೆನೆಯ ಕೆಂಪು ಸೆರಗನ್ನು ಇಡಿಯಾಗಿ ಉಳಿಸಿ ಅವರ ಕೈಗೆ ಕೊಡಿರಿ. ಆ ಸೀರೆಯಿಂದಾದ ಮೊದಲನೆಯ ದಿಂಬು ಅವರ ಬೆನ್ನಿಗೇ ಸಲ್ಲಲಿ.

ಮೂವರು ಕೂಡುವ ಸೋಫಾಕ್ಕೆ ಮೂರು ದಿಂಬುಗಳು ಸಾಕು: ಮೂಲೆಗೊಂದರಂತೆ ಎರಡು ಚೌಕದವು, ಸೊಂಟಕ್ಕೆಂದು 12 ಅಂಗುಲ ಅಗಲ, 18 ಅಂಗುಲ ಉದ್ದದ ಇನ್ನೊಂದು. ಒಂದರಲ್ಲಿ ಚಿತ್ರವಿದ್ದರೆ ಉಳಿದವು ಸಾದಾ ಆಗಿರಲಿ; ಅವುಗಳ ಬಣ್ಣವನ್ನು ಚಿತ್ರದ ದಾರಗಳಿಂದಲೇ ಆರಿಸಿದರೆ ಹೊಂದಿಕೆ ತಾನಾಗಿ ಬರುವುದು. ಕಾವಿ ಬಣ್ಣದ ನೆಲವಿರುವ ಕೋಣೆಗೆ ಹಸುರು, ಕಡುನೀಲಿಗಳು ಒಪ್ಪುವುವು.

ಗವಸಿನ ಬಾಯಿಗೆ ಗುಂಡಿಯನ್ನೋ ಜಿಪ್ಪನ್ನೋ ಇಟ್ಟರೆ ಕೊಳೆಯಾದಾಗ ಕಳಚಿ ಒಗೆಯಬಹುದು. ಒಗೆಯುವ ಮೊದಲು ಒದ್ದೆಯಾದ ಬಿಳಿಯ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ನೋಡಿರಿ. ಬಣ್ಣ ಬಿಡುವುದಾದರೆ ಬೇರೆಯಾಗಿ ತಣ್ಣೀರಿನಲ್ಲಿ ಒಗೆದು, ಒಳಮೈಯನ್ನು ಹೊರಗೆ ಮಾಡಿ, ನೆರಳಿನಲ್ಲಿ ಒಣಗಿಸಬೇಕು. ಹತ್ತಿಯ ಒಡಲನ್ನು ನೀರಿಗೆ ಹಾಕದೆ ಆಗಾಗ ಬಿಸಿಲಿಗೆ ಇಟ್ಟು ಬಡಿದರೆ ಸಾಕು.

ದಿಂಬುಗಳನ್ನು ಅಣಿಗೊಳಿಸಿದ ದಿನ, ಸಂಜೆಯ ಕೆಲಸ ತೀರಿದ ಮೇಲೆ, ಗೃಹಿಣಿಯು ತಾನೂ ಒಂದು ಗಳಿಗೆ ಒರಗಿ ಕುಳಿತು ನೋಡಲಿ. ತನ್ನ ಬೆನ್ನಿಗೆ ಹಿತವಾದುದು ಬಂದವರ ಬೆನ್ನಿಗೂ ಹಿತವಾದೀತು.