ಮುಖ ಮರೆಯಾಗಲಿ, ನೋವು ಕಾಣಲಿ

2019ರ ಡಿಸೆಂಬರ್ 26ರಂದು, ಸೂರ್ಯಗ್ರಹಣದ ವೇಳೆಯಲ್ಲಿ, ಕಲಬುರಗಿಯ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಸಂಗತಿಯನ್ನು ಈ ಸೀಮೆಯ ವಾಚಕರು ಮರೆತಿರಲಾರರು. ಹಾಗೆ ಮಾಡಿದರೆ ವೈಕಲ್ಯವು ನೀಗುವುದೆಂಬ ನಂಬಿಕೆಗೆ ಶರಣಾದ ತಾಯಿತಂದೆಗಳಲ್ಲಿ ಕ್ರೌರ್ಯಕ್ಕಿಂತ ಹತಾಶೆಯೇ ಮಿಗಿಲಾಗಿದ್ದಿರಬೇಕು. ಆದರೆ ಆ ಮಕ್ಕಳ ಪಾಡು ಅಲ್ಲಿಗೇ ಮುಗಿಯಲಿಲ್ಲ. ಅವರ ಮುಖಗಳು ಚಿತ್ರಗಳಾಗಿ ದೇಶದ ತುಂಬ ಹರಡಿದವು, ನೋಡಿದವರು ಕ್ಷಣಕಾಲ ಮರುಗಿ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಮಣ್ಣಿನಿಂದ ಮೇಲೆತ್ತಲ್ಪಟ್ಟ ಕೂಸುಗಳು ಕುತೂಹಲದ ಕಣ್ಣುಗಳಿಂದ ಪಾರಾಗಲಿಲ್ಲ.

ಬಾಲ್ಯದ ಕತ್ತಲೆಯನ್ನು ಲೋಕಕ್ಕೆ ತೋರಿಸಲೇಬಾರದೆಂಬ ಮತ ನನ್ನದಲ್ಲ. ತೋರಿಸುವ ಕ್ರಮದಲ್ಲಿ ಧರ್ಮಾಧರ್ಮಗಳ ವಿವೇಚನೆ ಇರಬೇಕೆಂಬುದಷ್ಟೇ ನನ್ನ ವಾದ. ಈ ವಿವೇಚನೆಗೆ, ವಸ್ತುಗಳನ್ನು ಜೋಡಿಸಿ ಕಟ್ಟುವ ಇಂದಿನ ಪ್ರತಿಷ್ಠಾಪನಾ ಕಲೆಯು ಒಂದು ದಾರಿಯನ್ನು ತೋರಿದೆ. ಲೂಯಿಸ್ ಬೂರ್ಜ್ವಾ ಎಂಬ ಕಲಾವಿದೆ 1994ರಲ್ಲಿ ಮಗುವಿನ ಹೆಸರಿನಲ್ಲಿ ನಿರ್ಮಿಸಿದ 'ಕೆಂಪು ಕೋಣೆ'ಯ ಸುತ್ತ ಹಳೆಯ ಬಾಗಿಲುಗಳಿವೆ, ಒಳಗೆ ಕೆಂಪು ನೂಲಿನ ಉರುಳೆಗಳಿವೆ, ಮಗು ಮಾತ್ರ ಎಲ್ಲಿಯೂ ಇಲ್ಲ. ಚಿತ್ರಕಂಬಳಿಗಳನ್ನು ದುರಸ್ತಿ ಮಾಡುತ್ತಿದ್ದ ಮನೆಯಲ್ಲಿ ಬೆಳೆದ ಆಕೆಯ ಬಾಲ್ಯದ ಭಯವು ಆ ನೂಲಿನಲ್ಲಿಯೇ ಸುತ್ತಿಕೊಂಡಿದೆ. 2008ರ ಸಿಚುವಾನ್ ಭೂಕಂಪದಲ್ಲಿ ಶಾಲೆಗಳು ಕುಸಿದು ಸಹಸ್ರಾರು ಮಕ್ಕಳು ಮಡಿದಾಗ, ಚೀನದ ಕಲಾವಿದ ಐ ವೇವೇ ಮರುವರ್ಷ ಮ್ಯೂನಿಕ್ ನಗರದ ಕಲಾಭವನವೊಂದರ ಮುಂಭಾಗದಲ್ಲಿ 9,000 ಶಾಲಾಚೀಲಗಳನ್ನು ಜೋಡಿಸಿ, ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಮಾತನ್ನು ಚೀನೀ ಲಿಪಿಯಲ್ಲಿ ಮೂಡಿಸಿದನು. ಅಲ್ಲಿ ಒಂದು ಶವದ ಚಿತ್ರವೂ ಇರಲಿಲ್ಲ. ಆದರೂ ಆ ಗೋಡೆಯೆದುರು ನಿಂತವನು ಚೀಲ ಹೊತ್ತವರೆಲ್ಲಿ ಎಂದು ಕೇಳದೆ ಮುಂದೆ ಸಾಗುವುದು ಸುಲಭವಾಗಿರಲಿಲ್ಲ.

ಇದು ನಮ್ಮ ಸಂಸ್ಕಾರಕ್ಕೆ ಹೊರತಾದ ಪರದೇಶದ ಶೋಕಿ ಎನ್ನುವವರು ಭಾದ್ರಪದದ ಜೋಕುಮಾರನನ್ನು ನೆನೆಯಲಿ. ಅಷ್ಟಮಿಯಂದು ಹುಟ್ಟಿ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು, ಮನೆಮನೆಗೆ ಹೊತ್ತು ತಿರುಗಿಸಲ್ಪಟ್ಟು, ಏಳೇ ದಿನಗಳ ಆಯುಷ್ಯ ತೀರಿ ಹುಣ್ಣಿಮೆಯ ಹೊತ್ತಿಗೆ ಕೊಲೆಯಾಗುವ ಆ ಮಣ್ಣಿನ ಮೂರ್ತಿಯನ್ನು ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಹಾಡಿ ಅತ್ತಿದ್ದಾರೆ. ಅಕಾಲದ ಸಾವಿಗೆ ಒಂದು ರೂಪವನ್ನು ಕಟ್ಟಿ, ಊರೆಲ್ಲ ನೋಡುವಂತೆ ಬೀದಿಗೆ ತಂದು, ಅದಕ್ಕಾಗಿ ಶೋಕಿಸುವ ವಿದ್ಯೆ ಭೀಮಾತೀರಕ್ಕೆ ಹೊಸದಲ್ಲ.

ಕಾನೂನು ಇರುವಾಗ ಕಲೆಯೇತಕ್ಕೆ ಎಂಬ ಪ್ರಶ್ನೆಯೂ ಉಂಟು. ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿ ಕರ್ನಾಟಕದಲ್ಲಿ 2017ರಲ್ಲಿ ಜಾರಿಗೆ ಬಂದಿತು; ಸಂತ್ರಸ್ತ ಮಕ್ಕಳ ಗುರುತನ್ನು ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ವಿಧಿಸುತ್ತದೆ. ಆದರೆ ಕಾನೂನಿಗೆ ಬಹುಮಟ್ಟಿಗೆ ದೂರು ಬೇಕು, ಸಾಕ್ಷಿ ಬೇಕು. ದೂರು ಹುಟ್ಟುವ ಮೊದಲೇ, ತಪ್ಪನ್ನು ತಪ್ಪೆಂದು ಮನೆಯೊಳಗೆ ಕಾಣಿಸುವ ಕಾರ್ಯವು ಕಲೆಗೆ ಸಲ್ಲುತ್ತದೆ.

ಎಸ್. ಎಂ. ಪಂಡಿತರಂತಹ ಚಿತ್ರಕಾರರನ್ನು ಹಡೆದ ಈ ನೆಲದಲ್ಲಿ ಕಲಾಶಾಲೆಗಳಿಗೂ ತರುಣ ಕಲಾವಿದರಿಗೂ ಕೊರತೆಯಿಲ್ಲ. ಅವರಿಗೆ ಬೇಕಾದ ಸಾಮಗ್ರಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರ ಬದುಕಿನಲ್ಲಿಯೇ ಇದೆ: ದುಡಿಯಲು ಪುಣೆ, ಮುಂಬಯಿಗಳಿಗೆ ಗುಳೆ ಹೋದವರ ಬಾಗಿಲಿನ ಬೀಗ, ಕಟ್ಟಡದ ಕೆಲಸದ ಪಕ್ಕದಲ್ಲಿ ಹಳೆಯ ಸೀರೆಯಿಂದ ಕಟ್ಟಿದ ತೊಟ್ಟಿಲು, ಗೈರುಹಾಜರಿಯ ಗುರುತುಗಳೇ ತುಂಬಿದ ಶಾಲೆಯ ಹಾಜರಿ ಪುಸ್ತಕ, ಎಳೆಯ ಹಣೆಯ ಅಳತೆಗೆ ಕಟ್ಟಿದ ಬಾಸಿಂಗ. ಇವುಗಳನ್ನು ಜೋಡಿಸಿದ ಕೃತಿಯು ಬೆಂಗಳೂರಿನ ಗ್ಯಾಲರಿಯಲ್ಲಿ ಪ್ರಶಂಸೆಯನ್ನು ಪಡೆದರೆ ಸಾಲದು. ಘತ್ತರಗಿಯ ಜಾತ್ರೆಯಲ್ಲಿ, ಗಾಣಗಾಪುರದ ಯಾತ್ರಿಕರ ದಾರಿಯಲ್ಲಿ, ಕೊಳಕೂರದ ಶಾಲೆಯ ಅಂಗಳದಲ್ಲಿ ಅದು ನಿಲ್ಲಬೇಕು. ಜಿಲ್ಲಾಡಳಿತವೂ ಲಲಿತಕಲಾ ಅಕಾಡೆಮಿಯೂ ಇದಕ್ಕೆ ನೆರವಾಗಲಿ. ಒಂದು ಕರಾರನ್ನು ಮಾತ್ರ ಬಿಡದೆ ವಿಧಿಸಲಿ: ಯಾವ ಜೀವಂತ ಮಗುವಿನ ಮುಖವಾಗಲಿ ಹೆಸರಾಗಲಿ ಆ ಪ್ರದರ್ಶನದಲ್ಲಿ ಇರಕೂಡದು. ನೋಡಲು ಮೊದಲು ಬರಬೇಕಾದವರು, ಎಳೆಯ ಮಗಳ ಲಗ್ನಕ್ಕೆ ಮುಹೂರ್ತ ಕೇಳಹೊರಟ ತಂದೆಯೂ ಅದನ್ನು ಕಂಡೂ ಕಾಣದಂತಿರುವ ನೆರೆಹೊರೆಯವರೂ ಆಗಿದ್ದಾರೆ.