ಮೈಕು ಕಿರುಚಿದರೆ ತಪ್ಪು ಯಾರದು?

ಕಾಲೇಜಿನ ವಾರ್ಷಿಕೋತ್ಸವ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಹುಡುಗರ ವಾದ್ಯತಂಡ ವೇದಿಕೆ ಏರಿದೆ. ಗಾಯಕಿ ಮೊದಲ ಸಾಲು ಎತ್ತಿಕೊಳ್ಳುತ್ತಿದ್ದಂತೆ ‘ಕುಂಯ್...’ ಎಂಬ ಕರ್ಕಶ ಸದ್ದು. ಸಭಿಕರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಿಂದಿನ ಸಾಲಿನಿಂದ ಸಿಳ್ಳೆ ಬೀಳುತ್ತದೆ. ಪಾಪ, ಹುಡುಗಿಯ ಧೈರ್ಯವೇ ಉಡುಗಿಹೋಗುತ್ತದೆ. ಬೈಗುಳವೆಲ್ಲ ಮೈಕ್‌ಸೆಟ್ಟಿಗೆ. ಆದರೆ ತಂಡದವರೇ ಮಿಕ್ಸರ್ ನೋಡಿಕೊಳ್ಳುವಾಗ ಈ ಕಿರುಚಾಟ ತಡೆಯುವುದು ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ.

ಮೈಕಿಗೆ ಬಿದ್ದ ದನಿ ಆಂಪ್ಲಿಫೈಯರಿನಲ್ಲಿ ಹಿಗ್ಗಿ ಸ್ಪೀಕರಿನಿಂದ ಹೊರಬರುತ್ತದೆ. ಅದೇ ದನಿ ಮತ್ತೆ ಮೈಕಿಗೆ ಬಿದ್ದರೆ ಇನ್ನೊಮ್ಮೆ ಹಿಗ್ಗುತ್ತದೆ. ಹೀಗೆ ಸುತ್ತು ಹಾಕಿ ಬಂದ ದನಿ ಮೊದಲಿನದಕ್ಕಿಂತ ಜೋರಾಗಿದ್ದು, ಅದರ ತರಂಗಗಳು ಹೊಸ ತರಂಗಗಳೊಂದಿಗೆ ಹೊಂದಿಕೊಂಡರೆ, ಆ ಒಂದು ಸ್ವರ ಕ್ಷಣಾರ್ಧದಲ್ಲಿ ಬೆಳೆದು ಕಿರುಚತೊಡಗುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ (1871–1957) ನೆನಪಿನಲ್ಲಿ ಇದಕ್ಕೆ ‘ಲಾರ್ಸೆನ್ ಪರಿಣಾಮ’ ಎಂದು ಹೆಸರು. ರೂಢಿಯ ಮಾತಿನಲ್ಲಿ ‘ಫೀಡ್‌ಬ್ಯಾಕ್’.

ಮೊದಲು ಜಾಗ ಸರಿಪಡಿಸಿ. ದೊಡ್ಡ ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಸಭಿಕರತ್ತ ಮುಖ ಮಾಡಿರಲಿ. ಹಾಡುವವರು ಬಳಸುವ ‘ಕಾರ್ಡಿಯಾಯ್ಡ್’ ಮೈಕಿಗೆ ಮುಂದಿನ ದನಿ ಚೆನ್ನಾಗಿ ಕೇಳುತ್ತದೆ, ನೇರ ಹಿಂದಿನದು ತೀರ ಕಡಿಮೆ. ಆದ್ದರಿಂದ ಗಾಯಕರಿಗಾಗಿ ಇಡುವ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನ ಹಿಂದಿರಬೇಕು. ‘ಸೂಪರ್ ಕಾರ್ಡಿಯಾಯ್ಡ್’ ಆದರೆ ನೇರ ಹಿಂದೆ ಬೇಡ, ಹಿಂಬದಿಯ ಓರೆಗೆ ಇಡಿ.

ಇನ್ನು ಹಾಡುವವರ ಪಾಲು. ಬಾಯಿಯಿಂದ 20 ಸೆಂ.ಮೀ. ದೂರವಿದ್ದ ಮೈಕನ್ನು 10 ಸೆಂ.ಮೀ.ಗೆ ತಂದರೆ ಅದಕ್ಕೆ ಬೀಳುವ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಮಿಕ್ಸರಿನಲ್ಲಿ ಅಷ್ಟನ್ನು ಇಳಿಸಬಹುದು. ಸಿನಿಮಾ ಶೈಲಿಯಲ್ಲಿ ಮೈಕಿನ ಜಾಲರಿ ತಲೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಹಿಂದಿನ ಸಂದುಗಳು ಮುಚ್ಚಿ, ಮೈಕು ಎಲ್ಲ ಕಡೆಯ ಸದ್ದನ್ನೂ ಹೀರತೊಡಗುತ್ತದೆ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಸುಮಾರು 3 ಡೆಸಿಬಲ್ ಅವಕಾಶ ಕೈಬಿಡುತ್ತದೆ. ಹಾಗಾಗಿ ಬಳಸದ ಮೈಕು ಮುಚ್ಚಿರಲಿ.

ಸಭಿಕರು ಬರುವ ಮುನ್ನ ಒಂದು ಪರೀಕ್ಷೆ ಮಾಡಿ. ಒಂದು ಮೈಕಿನ ದನಿಯನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಗುಂಯ್‌ಗುಡಲು ಶುರುವಾದೊಡನೆ ನಿಲ್ಲಿಸಿ, ಈಕ್ವಲೈಸರಿನಲ್ಲಿ ಆ ಸ್ವರದ ಪಟ್ಟಿ ಹುಡುಕಿ 3 ಡೆಸಿಬಲ್‌ನಷ್ಟು ತಗ್ಗಿಸಿ. ಎರಡು ಮೂರು ಸ್ವರಗಳಿಗೆ ಹೀಗೆ ಮಾಡಿದರೆ ಸಾಕು, ಅತಿಯಾದರೆ ಗಾಯಕರ ದನಿಯೇ ಪೊಳ್ಳಾಗುತ್ತದೆ. ಕೊನೆಗೆ ಒಟ್ಟು ಮಟ್ಟವನ್ನು 6 ಡೆಸಿಬಲ್ ಇಳಿಸಿಡಿ. ಅದೇ ನಿಮ್ಮ ಆಪತ್ತಿನ ಗಂಟು.

ವೇದಿಕೆಯ ಮೇಲಿದ್ದವರಿಗೆ ಸಭಾಂಗಣದಲ್ಲಿ ಹೇಗೆ ಕೇಳುತ್ತಿದೆ ಎಂಬುದು ತಿಳಿಯದು. ನಡುಸಾಲಿನಲ್ಲಿ ಗೆಳೆಯನೊಬ್ಬನನ್ನು ಕೂರಿಸಿ, ಕೈಸನ್ನೆ ಗೊತ್ತುಮಾಡಿಕೊಳ್ಳಿ. ಕಿರುಚು ಎದ್ದರೆ ಗಾಬರಿಯಿಂದ ಎಲ್ಲವನ್ನೂ ಇಳಿಸಬೇಡಿ, ಕಿರುಚುವ ಮೈಕನ್ನಷ್ಟೇ ತುಸು ತಗ್ಗಿಸಿ.

ಬಹಳ ಸಲ ರೋಗದ ಮೂಲ ಬೇರೆಯೇ. ಡ್ರಮ್ಮು ಜೋರು, ಅದನ್ನು ಮೀರಿಸಲು ಗಿಟಾರು ಜೋರು, ತನ್ನ ದನಿ ಕೇಳದೆಂದು ಗಾಯಕಿ ಮಾನಿಟರ್ ಏರಿಸು ಎನ್ನುತ್ತಾಳೆ. ಅಲ್ಲಿಗೆ ಮೈಕು ಕಿರುಚುತ್ತದೆ. ಮದ್ದು ಗಾಯಕಿಯನ್ನು ಏರಿಸುವುದಲ್ಲ, ಉಳಿದವರು ಇಳಿಯುವುದು.

ಪೋಷಕರಿಗೂ ಒಂದು ಮಾತು. ಸಂಗೀತ ಕಾರ್ಯಕ್ರಮಗಳಲ್ಲಿ 15 ನಿಮಿಷದ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸದ್ದಿನಿಂದ ಹಾಳಾದ ಒಳಗಿವಿಯ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ಮಕ್ಕಳು ಮನೆಯಲ್ಲಿ ತಾಲೀಮು ನಡೆಸುವಾಗ ‘ಸ್ವಲ್ಪ ಮೆಲ್ಲಗೆ’ ಎಂದು ಗದರುತ್ತೀರಲ್ಲ, ಅದು ಅವರ ಸಂಗೀತಕ್ಕೂ ಒಳ್ಳೆಯದೇ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ನುಡಿಸುವ ತಂಡದಲ್ಲಿ ಮೈಕು ಕಿರುಚುವುದು ಅಪರೂಪ.